ಸೋತವನ ಊಟ

ವಿಧಾನಸಭೆಯಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬ ಮಾನ್ಯ ಸದಸ್ಯರು ಇನ್ನೊಬ್ಬ ಮಾನ್ಯ ಸದಸ್ಯರ ತಾಯಿಯ ಹೆಸರೆತ್ತಿ, ಆ ಇನ್ನೊಬ್ಬರು ಮೈಕು ಕಿತ್ತೆಸೆದು, ಅದು ಹೋಗಿ ಪಾಪ ಸುಮ್ಮನೆ ತೂಕಡಿಸುತ್ತಿದ್ದ ಮೂರನೆಯ ಮಾನ್ಯ ಸದಸ್ಯರ ಹಣೆಗೆ ಬಡಿದ ದಿನ ಜನಕ್ಕೆ ಸಾಕುಸಾಕಾಯಿತು. ಮನೆಮನೆಯಲ್ಲೂ ಮಕ್ಕಳು ದಿಂಬು ಎಸೆದಾಡಿಕೊಂಡು ಅದೇ ಬೈಗುಳ ಬೈದುಕೊಳ್ಳತೊಡಗಿದವು. ಸರ್ಕಾರ ಎಲ್ಲ ಸರ್ಕಾರಗಳೂ ಮಾಡುವುದನ್ನೇ ಮಾಡಿತು, ಒಂದು ಸಮಿತಿ ನೇಮಿಸಿತು. ಸಮಿತಿ ಊರೂರು ಸುತ್ತಿ, ಗೋಡಂಬಿ ತಿಂದು, ಕೊನೆಗೆ ಮನುಷ್ಯರನ್ನು ತಿದ್ದುವುದು ಆಗದ ಕೆಲಸ, ಮೈಕನ್ನಾದರೂ ತಿದ್ದೋಣ ಎಂದು ವರದಿ ಕೊಟ್ಟಿತು. ಹಾಗೆ ಹುಟ್ಟಿದ್ದು ಸಭ್ಯವಾಣಿ.

ಅದನ್ನು ಮಾಡಿದವಳು ಚಂದ್ರಮತಿ. ಧ್ವನಿವಿಜ್ಞಾನ ಓದಿದವಳು. ಹೆಗ್ಗೆರೆ ಕ್ಷೇತ್ರದ ಶಾಸಕ ಹೊಂಬಾಳೇಗೌಡರ ಒಬ್ಬಳೇ ಮಗಳು. ಇಡೀ ಸದನದಲ್ಲಿ ಹೊಂಬಾಳೇಗೌಡರಷ್ಟು ಹರಕು ಬಾಯಿ ಇನ್ನೊಂದಿದ್ದರೆ ಅದು ಎದುರು ಪಕ್ಷದ ಜವರಪ್ಪನವರದು. ಅಪ್ಪನ ಬಾಯಿಯಿಂದ ತಲೆ ತಗ್ಗಿಸಿ ತಗ್ಗಿಸಿ ಬೆಳೆದ ಹುಡುಗಿ ಇಂಥ ಯಂತ್ರ ಮಾಡದೆ ಇನ್ನೇನು ಮಾಡುತ್ತಾಳೆ?

ಯಂತ್ರದ ಕೆಲಸ ಹೇಳುವುದಕ್ಕೆ ಸುಲಭ. ಪ್ರತಿ ಆಸನದ ಸುತ್ತ ಗಾಜಿನ ಮರೆ, ಬಾಯಿಯ ಮುಂದೆ ಮೈಕು, ಕಿವಿಗೆ ಹೆಡ್‌ಫೋನ್. ಬಾಯಿಂದ ಹೊರಟ ಮಾತು ಗಾಜು ದಾಟುವುದಿಲ್ಲ, ಅದಕ್ಕೆ ಮೈಕಿನ ದಾರಿಯೊಂದೇ ಗತಿ. ಆ ದಾರಿಯಲ್ಲಿ ಸಭ್ಯವಾಣಿ ಸುಂಕದ ಕಟ್ಟೆಯವನ ಹಾಗೆ ಕೂತಿರುತ್ತದೆ. ಬೈಗುಳ ಬಂದರೆ ತೆಗೆದು, ಅದೇ ಧ್ವನಿಯಲ್ಲಿ, ಅದೇ ಏರಿಳಿತದಲ್ಲಿ ಮರ್ಯಾದೆಯ ಮಾತು ಇಟ್ಟು ಕಳಿಸುತ್ತದೆ. ಸದನ ಕೇಳುವುದು ಅದನ್ನೇ, ಟಿವಿ ಕೇಳುವುದೂ ಅದನ್ನೇ. ಮೂಲ ಮಾತು ಆ ಕ್ಷಣದಲ್ಲೇ ಅಳಿಸಿಹೋಗುತ್ತದೆ. ಉಳಿಸಿಟ್ಟರೆ ನಾಳೆ ಯಾರಾದರೂ ಕದ್ದು ಹರಿಯಬಿಡುತ್ತಾರೆ ಎಂದು ಚಂದ್ರಮತಿಯೇ ಹಟ ಹಿಡಿದು ಹಾಗೆ ಮಾಡಿಸಿದ್ದಳು. ಮಾತು ಬದಲಾದಾಗ ನಿಯಂತ್ರಣ ಕೊಠಡಿಯ ಮೇಜಿನ ಮೇಲೆ ಒಂದು ಕೆಂಪು ದೀಪ ಹತ್ತಿ ಆರುತ್ತದೆ, ಅಷ್ಟೇ ಕುರುಹು.

ಇನ್ನೊಂದು ಸೂಕ್ಷ್ಮವಿತ್ತು. ಮಾತಾಡಿದವನಿಗೂ ಹೆಡ್‌ಫೋನಿನಲ್ಲಿ ತನ್ನ ಧ್ವನಿಯೇ ಕೇಳುತ್ತದೆ, ಆದರೆ ತಿದ್ದಿದ ಧ್ವನಿ. ಬೈದರೆ ಅದು ಕಣ್ಣು ಮಿಟುಕಿಸುವಷ್ಟು ತಡವಾಗಿ ಬಂದು ನಾಲಿಗೆ ತೊಡರುತ್ತದೆ. ಮರ್ಯಾದೆಯಿಂದ ಆಡಿದರೆ ತಡವಿಲ್ಲ, ಮಾತು ಎಣ್ಣೆ ಹಾಕಿದ ಹಾಗೆ ಸಾಗುತ್ತದೆ.

ಯಂತ್ರಕ್ಕೆ ಬೈಗುಳ ಕಲಿಸಬೇಕಿತ್ತಲ್ಲ, ಅದಕ್ಕೆ ಚಂದ್ರಮತಿ ದೂರ ಹುಡುಕಲಿಲ್ಲ. ಅಪ್ಪ ಮತ್ತು ಜವರಪ್ಪನವರ ಹಳೆಯ ಜಗಳಗಳನ್ನೆಲ್ಲ ಅದಕ್ಕೆ ಉಣಿಸಿದಳು. ಪರೀಕ್ಷೆಯ ದಿನ ಇಬ್ಬರನ್ನೂ ಕರೆಸಿ ಎದುರುಬದುರು ಗಾಜಿನೊಳಗೆ ಕೂರಿಸಿದಳು. ಅವತ್ತೊಂದು ದಿನ ಮಾತ್ರ ಅವಳ ಒಂದು ಕಿವಿಗೆ ಮೂಲ ಮಾತು, ಇನ್ನೊಂದಕ್ಕೆ ತಿದ್ದಿದ ಮಾತು.

"ಲೇ ಜವರ, ಕೆರೆ ಹೂಳೆತ್ತೋ ದುಡ್ಡು ಯಾರ್ ಹೊಟ್ಟೆಗ್ ಹೋಯ್ತ್ಲಾ, ಕಳ್ ನನ್ಮಗ್ನೆ?" ಅಂದರು ಹೊಂಬಾಳೇಗೌಡರು.

"ಸನ್ಮಾನ್ಯ ಜವರಪ್ಪನವರೇ, ಕೆರೆಯ ಹೂಳೆತ್ತುವ ಅನುದಾನದ ಬಗ್ಗೆ ತಮ್ಮಿಂದ ವಿವರಣೆ ಬಯಸುತ್ತೇನೆ," ಅಂದಿತು ಅವರದೇ ಧ್ವನಿ.

ಜವರಪ್ಪನವರು ಹೆಡ್‌ಫೋನ್ ಕಿತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನವ್ವ ಚಂದ್ರಿ, ನಿಮ್ಮಪ್ಪನ್ ಬಾಯಿಗೆ ಪಂಚಾಮೃತ ಹುಯ್ದ್‌ಬುಟ್ಟಿದ್ದೀಯಲ್ಲ!"

ಆ ಇಬ್ಬರ ವಿಷಯ ಹೇಳದೆ ಮುಂದೆ ಹೋದರೆ ಕಥೆ ಅರ್ಥವಾಗುವುದಿಲ್ಲ. ಒಂದೇ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಓದಿದವರು. ಆಮೇಲೆ ಬೇರೆ ಬೇರೆ ಪಕ್ಷ ಸೇರಿ ಒಂದೇ ಕ್ಷೇತ್ರಕ್ಕೆ ಬಡಿದಾಡಿಕೊಂಡರು. ಒಮ್ಮೆ ಇವರು, ಒಮ್ಮೆ ಅವರು. ಜವರಪ್ಪನವರು ಪಕ್ಕದ ಕ್ಷೇತ್ರಕ್ಕೆ ಹೋದ ಮೇಲೆ ಇಬ್ಬರೂ ಸದನದಲ್ಲೇ ಎದುರಾದರು. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಬೈದ ಬೈಗುಳ ಬರೆಯುವಂಥದ್ದಲ್ಲ. ಆದರೆ ಅವರಲ್ಲೊಂದು ಪದ್ಧತಿಯಿತ್ತು, ಸೋತವನು ಗೆದ್ದವನ ಮನೆಯಲ್ಲಿ ಉಣ್ಣಬೇಕು. ಫಲಿತಾಂಶದ ದಿನ ಪಟಾಕಿ, ಹಾರ, ಗುಲಾಲು ಎಲ್ಲ ಮುಗಿದ ಮೇಲೆ ಸೋತವನು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬಡ್ಸವ್ವ, ಈ ಕಳ್ಳ ಗೆದ್ದವ್ನಂತೆ," ಅಂದು ಬಾಗಿಲಿನ ಕಡೆಯ ಎಲೆಯ ಮುಂದೆ ಕೂರುತ್ತಿದ್ದ. ಚಂದ್ರಮತಿಯ ತಾಯಿ ತಾಯಮ್ಮ ಕೈಮ ಉಂಡೆ ಸಾರು ಮಾಡುತ್ತಿದ್ದರು. ಹೊರಗೆ ಇಬ್ಬರ ಕಾರ್ಯಕರ್ತರೂ ತಲೆ ಒಡೆದುಕೊಳ್ಳುತ್ತಿದ್ದರೆ ಒಳಗೆ ಇಬ್ಬರೂ ಒಬ್ಬರ ಎಲೆಗೆ ಒಬ್ಬರು ಕೈ ಹಾಕಿ ಕೊನೆಯ ಉಂಡೆಗೆ ಕಿತ್ತಾಡುತ್ತಿದ್ದರು. ಚಿಕ್ಕ ಚಂದ್ರಮತಿಗೆ ಇದೆಲ್ಲ ಅಸಹ್ಯ. "ಜಗಳ ಸುಳ್ಳೋ, ಊಟ ಸುಳ್ಳೋ?" ಎಂದು ಒಮ್ಮೆ ಕೇಳಿಯೂ ಇದ್ದಳು. "ಎರಡೂ ದಿಟವೇ ಕಣ್ ಮಗಾ," ಅಂದಿದ್ದರು ಅಪ್ಪ.

ಸಭ್ಯವಾಣಿ ಬಂದ ಹೊಸದರಲ್ಲಿ ಕೆಂಪು ದೀಪ ದೀಪಾವಳಿಯ ಸೀರಿಯಲ್ ಸೆಟ್ಟಿನ ಹಾಗೆ ಮಿನುಗುತ್ತಿತ್ತು. ಹೊರಗೆ ಮಾತ್ರ ಸದನ ಮದುವೆ ಮನೆಯಂತೆ ನಯವಾಯಿತು. ಜನ ಬೆರಗಾದರು, ಮೆಚ್ಚಿದರು, ಆಮೇಲೆ ನೋಡುವುದನ್ನೇ ಬಿಟ್ಟರು. ಅಷ್ಟರಲ್ಲಿ ಕಾನೂನು ಬಂತು. ಪುಡಾರಿಗಳು ಮಾತಾಡುವ ಯಾವ ಮೈಕೂ ಸಭ್ಯವಾಣಿ ಇಲ್ಲದೆ ಇರಕೂಡದು, ಊರ ಮುಂದಿನ ಶಂಕುಸ್ಥಾಪನೆಯಿಂದ ಹಿಡಿದು ಟಿವಿ ಚರ್ಚೆಯವರೆಗೆ. ಚಂದ್ರಮತಿಗೆ ರಾಜ್ಯದ ಪ್ರಶಸ್ತಿ ಬಂತು. ಶಾಲು ಹೊದಿಸಿದಾಗ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಹೊಂಬಾಳೇಗೌಡರು.

ಜನ ಕಿಲಾಡಿಗಳು. ಒಳಗೆ ಬೈಗುಳವಿಟ್ಟು ಹೊರಗೆ ಸಕ್ಕರೆ ಸವರಿ ಕೊಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಸಕ್ಕರೆಯನ್ನೇ ಬೈಗುಳ ಮಾಡಿಕೊಂಡರು. ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರನನ್ನು "ಹೋಗಯ್ಯಾ ಸನ್ಮಾನ್ಯ" ಅಂದರೆ ಅವನು ಶಿಳ್ಳೆ ಹೊಡೆದು ಬಸ್ಸು ನಿಲ್ಲಿಸಿ ಜಗಳಕ್ಕೆ ಬರುತ್ತಿದ್ದ. ಶಾಲೆಯಲ್ಲಿ ಮಕ್ಕಳು, "ಮಿಸ್, ಇವ್ನು ನಂಗೆ ಮಾನ್ಯ ಅಂತಾನೆ," ಎಂದು ಅಳುತ್ತ ದೂರು ಹೇಳುತ್ತಿದ್ದವು. ಮದುವೆಯ ಕರೆಯೋಲೆಯಿಂದ ಆ ಪದಗಳನ್ನು ಅಚ್ಚುಕೂಟದವರೇ ತೆಗೆದುಹಾಕಿದರು. ಪ್ರೀತಿಯಿದ್ದವರನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಹಾಗೆ ಕರೆದರೆ, ನೀನು ನನ್ನ ಪಾಲಿಗೆ ಸತ್ತೆ ಎಂದೇ ಅರ್ಥ.

ಜವರಪ್ಪನವರು ಮಂತ್ರಿಯಾದರು. ಮಂತ್ರಿಗೆ ಬೆಳಗಿನಿಂದ ಸಂಜೆಯವರೆಗೂ ಮೈಕು, ಕಿವಿಯಿಂದ ಹೆಡ್‌ಫೋನ್ ಇಳಿಸಲು ಪುರುಸೊತ್ತಿಲ್ಲ. ವಿರೋಧ ಪಕ್ಷದ ಹಿಂದಿನ ಸಾಲಿನಲ್ಲಿ ಕೂತ ಹೊಂಬಾಳೇಗೌಡರಿಗೆ ಅಧಿವೇಶನಕ್ಕೊಮ್ಮೆ ಮಾತು ಸಿಕ್ಕರೆ ಅದೃಷ್ಟ. ಆ ಸಲದ ಚುನಾವಣೆಯಲ್ಲಿ ಇಬ್ಬರೂ ಗೆದ್ದಿದ್ದರಿಂದ ಸೋತವನ ಊಟಕ್ಕೆ ಕಾರಣವಿರಲಿಲ್ಲ. ಮೊದಲಾದರೆ ಜಗಳವಾಡಿ ಹೊರಬಂದು ಮೊಗಸಾಲೆಯಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಈಗ ಜಗಳವೇ ಆಗುವುದಿಲ್ಲ, ಕಾಫಿಗೆ ನೆಪವೆಲ್ಲಿ? ಸಕ್ಕರೆ ಕಾಯಿಲೆ ಹೊಂಬಾಳೇಗೌಡರ ಕಣ್ಣನ್ನೂ ಕಿಡ್ನಿಯನ್ನೂ ಒಟ್ಟಿಗೆ ತಿಂದಿತು. ಕಣ್ಣಿಗೆ ಬೆಳಕು, ನೆರಳು ಅಷ್ಟೇ ಉಳಿಯಿತು. ಡಾಕ್ಟರು ಕೈಚೆಲ್ಲಿದ ಮೇಲೆ ಅವರು ಆಪ್ತ ಸಹಾಯಕನ ಕೈ ಹಿಡಿದು ಸದನಕ್ಕೆ ಹೋಗಿ ರಾಜೀನಾಮೆ ಕೊಟ್ಟರು.

ಚಂದ್ರಮತಿ ಅದನ್ನು ಮನೆಯಲ್ಲಿ ತಾಯಿಯ ಜೊತೆ ಕೂತು ಟಿವಿಯಲ್ಲಿ ನೋಡಿದಳು. ಅಪ್ಪ ಏನೋ ಅಂದರು, ಟಿವಿಯಲ್ಲಿ ಅದು ಕಾಗದ ಓದಿದ ಹಾಗೆ ಕೇಳಿಸಿತು. ಆಮೇಲೆ ಜವರಪ್ಪನವರು ಎದ್ದರು.

"ಮಾನ್ಯ ಸದಸ್ಯರ ಸುದೀರ್ಘ ಸೇವೆಯನ್ನು ಈ ಸದನ ಕೃತಜ್ಞತೆಯಿಂದ ಸ್ಮರಿಸುತ್ತದೆ. ಅವರಿಗೆ ಆರೋಗ್ಯ ಭಾಗ್ಯ ಲಭಿಸಲೆಂದು ಹಾರೈಸುತ್ತೇನೆ."

ಅಷ್ಟು ಹೇಳಿ ಕೂತರು.

ಮನೆಗೆ ಬಂದ ಹೊಂಬಾಳೇಗೌಡರು ಊಟ ಮುಟ್ಟಲಿಲ್ಲ. ಸಂಜೆ ಮಗಳನ್ನು ಹತ್ತಿರ ಕರೆದು, "ಮಗಾ, ಒಂದ್ ಮಾತು ಯೋಳು. ಅವ್ನು ದಿಟವಾಗ್ಲೂ ಏನಂದ?" ಎಂದು ಕೇಳಿದರು.

"ಮಾತು ಉಳಿಯಲ್ಲಪ್ಪ, ಅಲ್ಲೇ ಅಳಿಸಿಹೋಗುತ್ತೆ."

"ನೀನ್ ಮಾಡಿದ್ ಮಿಷಿನ್ನು ಕಣವ್ವ. ನಿಂಗಲ್ದೆ ಇನ್ಯಾರ್ಗ್ ಗೊತ್ತಾಯ್ತದೆ? ಲೇ ಹೊಂಬಾಳ ಅಂತ ಒಂದ್ಸಲನಾದ್ರೂ ಅಂದವ್ನಾ? ಅಷ್ಟ್ ತಿಳ್ಕಂಡ್ರೆ ಸಾಕು ನಂಗೆ. ಅಂದಿಲ್ಲ ಅಂದ್ರೆ ಅಂದಿಲ್ಲ ಅಂತ್ಲೇ ಯೋಳು."

ಅಪ್ಪ ಯಾವತ್ತೂ ಅವಳಲ್ಲಿ ಏನನ್ನೂ ಬೇಡಿದವರಲ್ಲ.

ಮರುದಿನ ಬೆಳಿಗ್ಗೆಯೇ ಅವಳು ನಿಯಂತ್ರಣ ಕೊಠಡಿಗೆ ಹೋದಳು. ಮಾತು ಸಿಗದಿದ್ದರೂ ದೀಪ ಹತ್ತಿತ್ತೋ ಇಲ್ಲವೋ ತಿಳಿಯಬಹುದಲ್ಲ. ಅಲ್ಲಿನ ಆಪರೇಟರ್ ಇಮ್ತಿಯಾಜ್ ಮೇಜಿನ ಮೇಲೆ ಕಾಲು ಚಾಚಿ ಕಡಲೆಕಾಯಿ ಬಿಡಿಸುತ್ತಿದ್ದವನು ಗಡಿಬಿಡಿಯಿಂದ ಎದ್ದ.

"ನಿನ್ನೆ ಮಂತ್ರಿಗಳು ಮಾತಾಡಿದಾಗ ದೀಪ ಹತ್ತಿತಾ?"

"ಇಲ್ಲ ಮೇಡಂ. ವೈರು ಲೂಸಾಗಿರಬೇಕು, ಹೇಳೋಣ ಅಂತಿದ್ದೆ, ಮರೆತೋಯ್ತು. ನಿನ್ನೆ ಅಪ್ಪಾಜಿಯವರು ಮಾತಾಡಿದಾಗ ಚೆನ್ನಾಗೇ ಹತ್ತಿತು. ಮಂತ್ರಿಗಳು ಎದ್ದರು ನೋಡಿ, ಮತ್ತೆ ಹೋಯ್ತು. ಎಷ್ಟೋ ತಿಂಗಳಿಂದ ಹೀಗೇ. ಹಿಂದಿನ ಸಾಲಿನವರಿಗೆ ಆಗೊಮ್ಮೆ ಈಗೊಮ್ಮೆ ಹತ್ತುತ್ತೆ, ಮುಂದಿನ ಸಾಲಿನವರಿಗೆ ಹತ್ತೋದೇ ಇಲ್ಲ."

ಚಂದ್ರಮತಿ ಮೇಜಿನ ಕೆಳಗೆ ಬಗ್ಗಿ ವೈರು ನೋಡಿದಳು. ಬಿಗಿಯಾಗಿಯೇ ಇತ್ತು. ಪರೀಕ್ಷೆಯ ಮೈಕಿನ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು, "ಕತ್ತೆ," ಅಂದಳು. ಕೆಂಪು ದೀಪ ತಟ್ಟನೆ ಹತ್ತಿತು. ಕಿವಿಯಲ್ಲಿ ಅವಳದೇ ಧ್ವನಿ, "ಮಾನ್ಯರೇ," ಅಂದಿತು. ಮತ್ತೆ ಬೈದಳು. ಚಿಕ್ಕಂದಿನಲ್ಲಿ ಅಪ್ಪನ ಬಾಯಲ್ಲಿ ಕೇಳಿ ಕಿವಿ ಮುಚ್ಚಿಕೊಂಡಿದ್ದ ಬೈಗುಳಗಳನ್ನೆಲ್ಲ ಒಂದೊಂದಾಗಿ ಬೈದಳು. ದೀಪ ಒಂದು ಸಲವೂ ತಪ್ಪಲಿಲ್ಲ. ಇಮ್ತಿಯಾಜ್ ಕಡಲೆಕಾಯಿಯನ್ನು ಕೈಯಲ್ಲೇ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದ.

ಯಂತ್ರ ಕೆಟ್ಟಿರಲಿಲ್ಲ, ಅದಕ್ಕೆ ಕೆಲಸವಿರಲಿಲ್ಲ. ಜವರಪ್ಪನವರು ನಿನ್ನೆ ತಮ್ಮ ಸ್ವಂತ ಬಾಯಿಂದಲೇ ಅಷ್ಟೂ ಹೇಳಿದ್ದರು.

ಅವಳಿಗೆ ಪ್ರಯೋಗಶಾಲೆಯ ಹಳೆಯ ದಿನಗಳು ನೆನಪಾದವು. ನಾಲಿಗೆಗೆ ಯಜಮಾನ ಕಿವಿ. ಮನುಷ್ಯ ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡು ನಾಲಿಗೆಯನ್ನು ಹದ ಮಾಡಿಕೊಳ್ಳುತ್ತಾನೆ. ಕಿವಿಗೆ ಬೇರೆಯದನ್ನೇ ಕೇಳಿಸುತ್ತ ಹೋದರೆ ನಾಲಿಗೆ ಕೊನೆಗೆ ಕಿವಿ ಹೇಳಿದ್ದನ್ನೇ ಆಡುತ್ತದೆ. ಪ್ರಯೋಗಕ್ಕೆ ಬಂದ ಕೆಲವರು ಹೆಡ್‌ಫೋನ್ ತೆಗೆದ ಮೇಲೂ, ಮನೆಗೆ ಹೋದ ಮೇಲೂ ಹಾಗೇ ಮಾತಾಡಿದರು. ಒಬ್ಬಳ ಗಂಡ ಬಂದು, "ಮೇಡಂ, ನನ್ನ ಹೆಂಡ್ತಿ ನನ್ನನ್ನ ಸಭಾಧ್ಯಕ್ಷರ ಹಾಗೆ ಮಾತಾಡಿಸ್ತಾಳೆ," ಎಂದು ಗೋಳಾಡಿದ್ದ. ಎಲ್ಲರೂ ನಕ್ಕಿದ್ದರು. ಚಂದ್ರಮತಿ ಅದನ್ನು ಯಂತ್ರದ ಹೆಚ್ಚುಗಾರಿಕೆ ಎಂದೇ ತನ್ನ ಪ್ರಬಂಧದಲ್ಲಿ ಬರೆದಿದ್ದಳು. ಬಾಯಿ ತೊಳೆದರೆ ಮನಸ್ಸೂ ತೊಳೆಯುತ್ತದೆ ಎಂದು ಆಗ ಅವಳು ನಂಬಿದ್ದಳು. ಬೈಗುಳದ ಜೊತೆಗೆ ಅದೇ ನಾಲಿಗೆಯಲ್ಲಿ ಇನ್ನೇನೇನು ಇರುತ್ತದೆಂದು ಯೋಚಿಸಿರಲಿಲ್ಲ.

ದಾರಿಯುದ್ದಕ್ಕೂ, ನಿಜವನ್ನೇ ಹೇಳಿಬಿಡಬೇಕು ಎಂದುಕೊಂಡಳು. ಅಪ್ಪ ಕೇಳಿದ್ದೂ ನಿಜವನ್ನೇ. ಆದರೆ ಬಾಗಿಲು ತೆರೆದ ಸದ್ದಿಗೇ ಅವರು ಮಂಚದ ಮೇಲೆ ಎದ್ದು ಕೂತು ಕತ್ತು ಚಾಚಿದ್ದನ್ನು ನೋಡಿ ಅವಳ ಗಟ್ಟಿತನ ಕರಗಿಹೋಯಿತು.

"ಅಂದ್ರಪ್ಪ," ಅಂದಳು. "ಲೇ ಹೊಂಬಾಳ, ನೀನ್ ಹೋದ್ರೆ ನಾನ್ ಯಾರ್ನ ಬೈಲಿ, ಎದ್ ಬಾರ್ಲಾ ಅಂದ್ರಂತೆ. ದೀಪ ಹತ್ತಿತ್ತಂತೆ, ತುಟಿ ನೋಡಿ ಆಪರೇಟರ್ ಹೇಳಿದ."

ಹೊಂಬಾಳೇಗೌಡರ ಮುಖ ಅರಳಿತು. "ನಂಗ್ ಗೊತ್ತಿತ್ತು! ತಾಯಮ್ಮಾ, ಕೇಳ್ದಾ? ಅಂದವ್ನಂತೆ ಕಣೆ! ಅವ್ನ್ ಎಲ್ ಬುಟ್ಟಾನು?" ಕೆಮ್ಮು ಬಂತು, ಕೆಮ್ಮಿನ ನಡುವೆಯೇ ನಕ್ಕರು. "ಅವ್ನಿಗೆ ಫೋನ್ ಮಾಡವ್ವ. ನಾನೀಗ ಸೀಟ್ ಬುಟ್ಟವ್ನು, ಸೋತಂಗೇ ಲೆಕ್ಕ. ನಾನೇ ಅವ್ನ್ ಮನೆಗ್ ಹೋಗಿ ಉಣ್ಬೇಕಾಗಿತ್ತು, ಕಾಲು ಕೇಳಲ್ಲ. ಅವ್ನೇ ಬರ್ಲಿ, ಇಲ್ಲೇ ಇಬ್ರೂ ಉಣ್ತೀವಿ."

ಸುಳ್ಳು ಹೇಳುವಾಗ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳು ಯೋಚಿಸಿರಲಿಲ್ಲ. ಆದರೂ ಮನೆಯಲ್ಲಿ ಮೈಕಿಲ್ಲ, ಗಾಜಿಲ್ಲ, ಹೆಡ್‌ಫೋನಿಲ್ಲ. ಹಳೆಯ ಗೆಳೆಯನ ಮುಖ ಕಂಡರೆ ಹಳೆಯ ಮಾತು ತಾನಾಗಿ ಬಂದೀತು ಎಂದು ಆಸೆಪಟ್ಟಳು. ಫೋನು ಮಾಡಿದಾಗ ಸಿಕ್ಕಿದ್ದು ಮಂತ್ರಿಗಳ ಕಚೇರಿಯವರು. ಮಂತ್ರಿಗಳು ಬರುತ್ತಾರೆ ಎಂದು ತಿಳಿಸಿದರು.

ಆ ಭಾನುವಾರ ತಾಯಮ್ಮ ಬೆಳಿಗ್ಗೆಯಿಂದಲೇ ಮಸಾಲೆ ರುಬ್ಬಿಸಿದರು. ಕೈಮ ಉಂಡೆ ಸಾರಿನ ಘಮ ಬೀದಿಯವರೆಗೂ ಹರಡಿತು. ಹೊಂಬಾಳೇಗೌಡರು ಕ್ಷೌರ ಮಾಡಿಸಿಕೊಂಡು, ಒಗೆದ ಪಂಚೆ ಉಟ್ಟು, ಮಂಚದ ಮೇಲೆ ಒರಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಜವರಪ್ಪನವರು ಬಂದರು. ಜೊತೆಯವರನ್ನೆಲ್ಲ ಗೇಟಿನಾಚೆಯೇ ನಿಲ್ಲಿಸಿ ಒಬ್ಬರೇ ಒಳಗೆ ಬಂದರು. ಮಂಚದ ಮೇಲಿದ್ದ ಮೂಳೆಯ ಹಂದರವನ್ನು ನೋಡಿ ಅವರು ಗೋಡೆ ಹಿಡಿದು ನಿಂತದ್ದನ್ನು ಚಂದ್ರಮತಿ ಕಂಡಳು.

"ಯಾರು, ಜವರಾನೇನ್ಲಾ?" ಅಂದರು ಹೊಂಬಾಳೇಗೌಡರು.

ಜವರಪ್ಪನವರು ಬಾಯಿ ತೆರೆದರು. "ಲ..." ಎಂದು ಶುರು ಮಾಡಿ ತಡವರಿಸಿದರು. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ಹೊರಟಿದ್ದು, "ಮಾನ್ಯರೇ, ತಮ್ಮ ಆರೋಗ್ಯ ಹೇಗಿದೆ?"

ಹೊಂಬಾಳೇಗೌಡರು ನಗಲು ನೋಡಿದರು. "ಆಟ ಕಟ್ಟಬ್ಯಾಡ ಕಣ್ಲಾ. ಸದನ್ದಲ್ಲಿ ಏನಂದೆ ಅಂತ ನನ್ ಮಗ್ಳು ಯೋಳವ್ಳೆ. ನೀನ್ ಹೋದ್ರೆ ನಾನ್ ಯಾರ್ನ ಬೈಲಿ ಅಂದೆಯಂತೆ?"

"ತಾವು ತಪ್ಪಾಗಿ ಗ್ರಹಿಸಿದ್ದೀರಿ. ನಾನು ಆ ರೀತಿಯ ಹೇಳಿಕೆ ನೀಡಿಲ್ಲ," ಅಂದಿತು ಜವರಪ್ಪನವರ ಬಾಯಿ. ಅಂದ ಮಾತನ್ನು ತಾವೇ ಕೇಳಿಸಿಕೊಂಡು, ಕೆಂಡ ತುಳಿದವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದರು.

ಹೊಂಬಾಳೇಗೌಡರ ಕಣ್ಣು ಮಗಳು ನಿಂತ ಕಡೆಗೆ, ಅಂದಾಜಿನಲ್ಲಿ, ತಿರುಗಿತು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಲೇ ಜವರ," ಅಂದರು ಆಮೇಲೆ, ಮೆಲ್ಲಗೆ. "ಸಾಯ್ತಾ ಇವ್ನಿ ಕಣ್ಲಾ. ಒಂದ್ಸಲ ಬೈಲಾ."

ಆಗ ಜವರಪ್ಪನವರ ಕಣ್ಣಿಂದ ನೀರು ದಳದಳ ಸುರಿಯಿತು. ಮುಖವೆಲ್ಲ ಕಿವುಚಿಹೋಯಿತು. ಮುಷ್ಟಿ ಬಿಗಿದು ತಮ್ಮ ತೊಡೆಗೇ ಗುದ್ದಿಕೊಂಡರು. ಆ ಮುಖದೊಳಗಿಂದ, ತೇವವಿಲ್ಲದ, ನಯವಾದ, ಸದನದ ಧ್ವನಿ ಹೊರಗೆ ಬಂತು: "ಮಾನ್ಯರ ಆತ್ಮೀಯ ಭಾವನೆಗಳಿಗೆ ನಾನು ಚಿರಋಣಿಯಾಗಿದ್ದೇನೆ. ತಾವು ಶೀಘ್ರ ಗುಣಮುಖರಾಗಲೆಂದು ಸರ್ಕಾರದ ಪರವಾಗಿ ಹಾರೈಸುತ್ತೇನೆ."

ಅವರು ಬಗ್ಗಿ ಗೆಳೆಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಹೊಂಬಾಳೇಗೌಡರು ಕೈ ಎಳೆದುಕೊಂಡರು. "ಫೋಟೋದವ್ರೂ ಬಂದವ್ರೇನವ್ವ?" ಎಂದು ಮಗಳನ್ನು ಕೇಳಿದರು.

"ಇಲ್ಲಪ್ಪ! ಯಾರೂ ಇಲ್ಲ. ಅಪ್ಪಾ, ಜವರಪ್ಪ ಮಾವ ಅಳ್ತಾ ಇದ್ದಾರೆ. ನಿಜವಾಗ್ಲೂ ಅಳ್ತಾ ಇದ್ದಾರಪ್ಪ, ಕೆನ್ನೆ ಮುಟ್ಟಿ ನೋಡು."

"ಹೂಂ," ಅಂದರು ಹೊಂಬಾಳೇಗೌಡರು. "ಮೊನ್ನೆ ಬೈದ್ರು ಅಂದೆ, ಇವತ್ತು ಅಳ್ತಾವ್ರೆ ಅಂತೀಯ. ಅದ್ನೂ ನೀನೇ ತಿದ್ದಿ ಹಾಕಿದ್ದೇನವ್ವ?"

ಅವರು ಗೋಡೆಯ ಕಡೆ ಮಗ್ಗುಲಾದರು.

ಕೋಣೆಯಲ್ಲಿ ನಡೆದದ್ದೇನೂ ತಿಳಿಯದ ತಾಯಮ್ಮ ಅಡುಗೆಮನೆಯಿಂದ ಕೂಗಿದರು, "ಅಣ್ಣಾ, ಎಲೆ ಹಾಕಿವ್ನಿ, ಆರೋಯ್ತದೆ ಬನ್ನಿ."

ಜವರಪ್ಪನವರು ಆ ಕಡೆ ತಿರುಗಿದರು. "ಪೂರ್ವನಿಗದಿತ ಕಾರ್ಯಕ್ರಮಗಳ ನಿಮಿತ್ತ ಈ ಸಂದರ್ಭದಲ್ಲಿ..." ಎಂದು ಹೊರಟ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡರು. ಹಾಗೇ, ಬಾಯಿ ಮುಚ್ಚಿಕೊಂಡೇ, ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಕಾರು ಹತ್ತಿದರು.

ತಾಯಮ್ಮ ಸೌಟು ಹಿಡಿದು ಬಾಗಿಲಿಗೆ ಬಂದರು. ಒಂದು ಕಡೆ ಗೋಡೆಗೆ ಮುಖ ಮಾಡಿದ ಗಂಡ, ಇನ್ನೊಂದು ಕಡೆ ಹೊರಟುಹೋದ ಕಾರಿನ ಧೂಳು. "ಇದೇನವ್ವ, ಉಣ್ದೆ ಹೋದ್ರಲ್ಲ? ಎಲೆ ಹಾಕಿದ್ ಮೇಲೆ ಹಂಗೆ ಬುಡಬಾರ್ದು. ಈಗ ಯಾರ್ ಉಣ್ತಾರೆ ಇದ್ನ?"

ಚಂದ್ರಮತಿ ಅಡುಗೆಮನೆಗೆ ಹೋದಳು. ಅಕ್ಕಪಕ್ಕ ಹಾಕಿದ್ದ ಎರಡು ಎಲೆಗಳಲ್ಲಿ, ಬಾಗಿಲಿನ ಕಡೆಯ ಸೋತವನ ಎಲೆಯ ಮುಂದೆ ಕಾಲು ಮಡಚಿ ಕೂತಳು.

"ಬಡ್ಸವ್ವ," ಅಂದಳು.